ಬಿಡಿಭಾಗಗಳ ಮುಂಗಡ ಬದಲಾವಣೆ: ದೋಣಿಯೊಂದರ ಲೆಕ್ಕ

ವಯನಾಡು ಜಿಲ್ಲೆಯ ಪೆರಿಕಲ್ಲೂರಿಗೂ ಕರ್ನಾಟಕದ ಬೈರಕುಪ್ಪೆಗೂ ನಡುವೆ ಕಬಿನಿ ಹರಿಯುತ್ತದೆ. ಅಲ್ಲಿ ಜನರು ದಡದಿಂದ ದಡಕ್ಕೆ ದೋಣಿಯಲ್ಲಿ ದಾಟುತ್ತಾರೆ. ನಡುಹೊಳೆಯಲ್ಲಿ ದೋಣಿಯ ಭಾಗವೊಂದು ಕೈಕೊಟ್ಟರೆ ಆಗುವ ಹಾನಿಯನ್ನು ಹಣದಿಂದ ಅಳೆಯಲಾಗದು. ಆದುದರಿಂದ ಸವೆಯುವ ಭಾಗಗಳನ್ನು ಕೆಡುವ ಮುನ್ನವೇ ಬದಲಿಸಬೇಕು. ಆದರೆ ಯಾವಾಗ? ಒಂದೊಂದಾಗಿಯೋ, ಒಟ್ಟಿಗೋ? ಇದು ಗಣಿತದ ಪ್ರಶ್ನೆ. ಬಾರ್ಲೊ ಮತ್ತು ಹಂಟರ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಲೇಖನವು ಈ ಅಧ್ಯಯನದ ತಳಹದಿಗಳಲ್ಲೊಂದು.

ತರಗತಿಗಾಗಿ ಮರದ ದೋಣಿಯೊಂದನ್ನು ಕಲ್ಪಿಸಿಕೊಳ್ಳೋಣ, ಅಂಕಿಗಳೂ ಕಲ್ಪಿತವೇ. ಸಂದುಗಳಿಗೆ 6 ತಿಂಗಳಿಗೊಮ್ಮೆ ಡಾಂಬರು ಬಳಿಯಬೇಕು. ವೆಚ್ಚ 150 ರೂಪಾಯಿ. ತಳದ ಮೊಳೆಗಳನ್ನು 9 ತಿಂಗಳಿಗೊಮ್ಮೆ ಬದಲಿಸಬೇಕು. ವೆಚ್ಚ 400 ರೂಪಾಯಿ. ಯಾವ ಕೆಲಸಕ್ಕಾದರೂ ದೋಣಿಯನ್ನು ದಡಕ್ಕೆಳೆಯಬೇಕು. ಆಳುಗಳ ಕೂಲಿ, ಆ ದಿನದ ಸಂಪಾದನೆಯ ನಷ್ಟ ಸೇರಿ ಪ್ರತಿ ಸಲ 600 ರೂಪಾಯಿ.

6 ಮತ್ತು 9ರ ಲ.ಸಾ.ಅ. 18. ಆಯಾ ಭಾಗದ ಅವಧಿಯನ್ನೇ ಪಾಲಿಸಿದರೆ, 18 ತಿಂಗಳಲ್ಲಿ ದೋಣಿಯನ್ನು 6, 9, 12 ಮತ್ತು 18ನೆಯ ತಿಂಗಳುಗಳಲ್ಲಿ, ಅಂದರೆ ನಾಲ್ಕು ಸಲ, ಎಳೆಯಬೇಕು. ಒಟ್ಟು ವೆಚ್ಚ: 2400 + 450 + 800 = 3650 ರೂಪಾಯಿ. ಮೊಳೆಗಳನ್ನೂ 6 ತಿಂಗಳಿಗೊಮ್ಮೆ ಡಾಂಬರಿನೊಡನೆಯೇ ಬದಲಿಸಿದರೆ ಮೂರು ಸಲ ಎಳೆದರೆ ಸಾಕು: 1800 + 450 + 1200 = 3450 ರೂಪಾಯಿ. ಇನ್ನೂ ಬಾಳುವ ಮೊಳೆಗಳನ್ನು ತೆಗೆದೂ 200 ರೂಪಾಯಿ ಉಳಿಯಿತು! ಒಂದು ಸಲದ ಎಳೆತ ಉಳಿದು, ಒಂದು ಸಲದ ಮೊಳೆ ಹೆಚ್ಚಾಯಿತು ಎಂಬುದೇ ಇದರ ಗುಟ್ಟು. ಮೊಳೆಗಳ ವೆಚ್ಚ 600 ರೂಪಾಯಿಗಳನ್ನು ಮೀರಿದರೆ ಈ ಜೋಡಣೆ ನಷ್ಟವೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಒಂದು ಎಚ್ಚರಿಕೆ. ಕಾಲ ಕಳೆದಂತೆ ಸವೆಯುವ ವಸ್ತುಗಳಿಗೆ ಮಾತ್ರ ಈ ಕ್ರಮ ಸಲ್ಲುತ್ತದೆ. ಸಿಡಿಲು ಬಡಿದು ಕೆಡುವ ಉಪಕರಣಕ್ಕೆ ಹೊಸದು, ಹಳೆಯದೆಂಬ ಭೇದವಿಲ್ಲ. ಅದನ್ನು ಮುಂಚಿತವಾಗಿ ಬದಲಿಸಿ ಫಲವಿಲ್ಲ.

ವೆಚ್ಚದ ಲೆಕ್ಕಕ್ಕಿಂತ ಮಿಗಿಲಾದುದೂ ಒಂದುಂಟು. ಮುಂಗಾರಿನಲ್ಲಿ ಹೊಳೆ ತುಂಬುವ ಮುನ್ನ ದೋಣಿ ಸಿದ್ಧವಿರಲೇಬೇಕು. ಬದಲಾವಣೆಯ ದಿನ ಮಳೆಗಾಲದ ನಡುವೆ ಬಿದ್ದರೆ ಅದನ್ನು ಮೇ ತಿಂಗಳಿಗೇ ತರಬೇಕು. ಅವಧಿಗಿಂತ ಮೊದಲೇ ಬದಲಿಸಬಹುದು, ಮುಂದೂಡಲಾಗದು.

ಲ.ಸಾ.ಅ. ಪಾಠದ ಕೊನೆಗೆ ಶಾಲೆಯ ಪಂಪು, ನೀರಿನ ಸೋಸುಕಗಳ ಭಾಗಗಳನ್ನು ಪಟ್ಟಿಮಾಡಿಸಿ, ಇಂತಹುದೇ ವೇಳಾಪಟ್ಟಿಯನ್ನು ಮಕ್ಕಳಿಂದ ರಚಿಸಿಸಿರಿ.