ರಕ್ತ ಬೇಕಾಗಿದೆ: ಆ ಮೆಸೇಜ್ ಬರೆಯುವುದು ಹೇಗೆ?



"ಅರ್ಜೆಂಟ್! ಮೆಹದಿಪಟ್ಟಣಂನಲ್ಲಿ ಬಿ ನೆಗೆಟಿವ್ ರಕ್ತ ಬೇಕು. ಇಂದೇ ಬನ್ನಿ. ಎಲ್ಲಾ ಗ್ರೂಪ್‌ಗೂ ಕಳಿಸಿ."

ಇಂಥ ಮೆಸೇಜ್ ನಿಮಗೂ ಬಂದಿರುತ್ತದೆ. ಯಾವ ಆಸ್ಪತ್ರೆ? ಎಷ್ಟು ಯೂನಿಟ್? "ಇಂದು" ಎಂದರೆ ಯಾವ ದಿನ? ಒಂದಕ್ಕೂ ಉತ್ತರವಿಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಚಿಕಿತ್ಸೆಗೆ ಹೈದರಾಬಾದಿಗೆ ಹೋಗುವ ನಮ್ಮವರಿಗೆ ಪರಊರಿನಲ್ಲಿ ಮೊಬೈಲೇ ಆಸರೆ. ಹಾಗಾಗಿ ಇವನ್ನು ನೆನಪಿಡಿ.

🩸 *ಮೊದಲು ಕೇಳಿ*
ಬೇಕಿರುವುದು ರಕ್ತವೋ, ಪ್ಲೇಟ್‌ಲೆಟ್ಟೋ ಎಂದು ಬ್ಲಡ್ ಬ್ಯಾಂಕ್‌ನಲ್ಲಿ ವಿಚಾರಿಸಿ. ಕೆಂಪು ರಕ್ತಕಣಗಳನ್ನು 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ ಮಾತ್ರ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಕೊಡಲು ಒಂದೆರಡು ತಾಸು ಹಿಡಿಯುತ್ತದೆ, ದಾನಿ ಬಿಡುವು ಮಾಡಿಕೊಂಡೇ ಬರಬೇಕು. ಸರ್ಕಾರದ ಇ-ರಕ್ತಕೋಶ್ ಪೋರ್ಟಲ್‌ನಲ್ಲೂ ಹತ್ತಿರದ ಬ್ಲಡ್ ಬ್ಯಾಂಕ್‌ಗಳಲ್ಲಿ ಏನಿದೆ ಎಂದು ನೋಡಬಹುದು.

🩸 *ಇಷ್ಟು ಬರೆಯಿರಿ*
1. ರಕ್ತದ ಗುಂಪು, ಎಷ್ಟು ಯೂನಿಟ್
2. ತಾರೀಖು, ಎಷ್ಟು ಗಂಟೆಯೊಳಗೆ ("ಇಂದು", "ನಾಳೆ" ಬೇಡ)
3. ಆಸ್ಪತ್ರೆಯ ಪೂರ್ತಿ ಹೆಸರು, ಗುರುತು. ಮೆಹದಿಪಟ್ಟಣಂನಿಂದ ಆರಾಂಘರ್‌ವರೆಗಿನ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿದ್ದರೆ ಪಿಲ್ಲರ್ ನಂಬರ್ ಹಾಕಿ. ಅಲ್ಲಿ ಜನ ವಿಳಾಸ ಹೇಳುವುದೇ ಹಾಗೆ.
4. ಫೋನ್ ಎತ್ತುವ ಒಬ್ಬರ ಹೆಸರು, ನಂಬರ್

ನಾಲ್ಕು ಸಾಲು ಸಾಕು.

🚫 *ಇವು ಬೇಡ*
▪️ ರೋಗಿಯ ಫೋಟೋ, ರಿಪೋರ್ಟ್, ಕಾಯಿಲೆಯ ಹೆಸರು. ನೀವು ಆಮೇಲೆ ಅಳಿಸಿದರೂ ಫಾರ್ವರ್ಡ್ ಆಗಿ ಹೋದದ್ದು ಅಳಿಯುವುದಿಲ್ಲ.
▪️ "ದುಡ್ಡು ಕೊಡುತ್ತೇವೆ" ಎಂಬ ಮಾತು. ಹಣ ಪಡೆದು ರಕ್ತ ಕೊಡುವುದಕ್ಕೆ 1998ರಿಂದಲೇ ನಮ್ಮ ದೇಶದಲ್ಲಿ ನಿಷೇಧವಿದೆ.
▪️ ಒತ್ತಾಯ. ರಕ್ತ ಕೊಟ್ಟ ಗಂಡಸರು ಮತ್ತೆ ಕೊಡಲು 90 ದಿನ, ಹೆಂಗಸರು 120 ದಿನ ಕಾಯಬೇಕು. "ಆಗುವುದಿಲ್ಲ" ಎಂದವರಿಗೆ ಕಾರಣವಿರುತ್ತದೆ.

🩸 *ಮುಂದೆ ಕಳಿಸುವ ಮುನ್ನ*
ತಾರೀಖು ನೋಡಿ, ಆ ನಂಬರಿಗೆ ಒಂದು ಕರೆ ಮಾಡಿ. ತಾರೀಖು ಇಲ್ಲದಿದ್ದರೆ, ಕರೆ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ.

🩸 *ರಕ್ತ ಸಿಕ್ಕ ಮೇಲೆ*
"ಸಿಕ್ಕಿತು, ಇನ್ನು ಕಳಿಸಬೇಡಿ, ಧನ್ಯವಾದ" ಎಂದು ಹಾಕಿದ ಗ್ರೂಪ್‌ಗಳಲ್ಲೆಲ್ಲ ತಿಳಿಸಿ. ಹೆಚ್ಚಿನವರು ಮರೆಯುವುದು ಇದನ್ನೇ. ತಿಂಗಳುಗಟ್ಟಲೆ ಫೋನ್ ಬರುತ್ತಲೇ ಇರುತ್ತದೆ. ರೋಗಿ ತೀರಿಹೋಗಿದ್ದರಂತೂ "ರಕ್ತ ಬೇಕಿತ್ತಾ?" ಎಂಬ ಪ್ರತಿ ಕರೆಯೂ ಆ ಮನೆಯವರ ಗಾಯ ಕೆದಕುತ್ತದೆ. ಇನ್ನೊಂದು ಕಡೆ, ಹಳೇ ಮೆಸೇಜ್ ನಂಬಿ ಓಡಿಬಂದು ಬರಿಗೈಯಲ್ಲಿ ಮರಳಿದ ದಾನಿ, ನಿಜವಾಗಿ ಬೇಕಾದಾಗ ಬರಲು ಹಿಂಜರಿಯುತ್ತಾನೆ.

ಇದನ್ನು ಸೇವ್ ಮಾಡಿಟ್ಟುಕೊಳ್ಳಿ. ಬೇಕಾಗದಿರಲಿ ಎಂಬುದೇ ಹಾರೈಕೆ. ಬೇಕಾದರೆ ಕೈಗೆ ಸಿಗಲಿ. 🙏