ಅಂಬಾಸಿಡರ್ ಎಣ್ಣೆ ಯಾಕೆ ಸೋರಬೇಕು?

ಅಂಬಾಸಿಡರ್ ಅಂದಮೇಲೆ ಕೆಳಗೆ ಎಣ್ಣೆ ತೊಟ್ಟಿಕ್ಕದೆ ಇರುತ್ತದೆಯೇ ಎಂದು ಕೇಳುವವರು ಬಹಳ. ನಮ್ಮ ಗ್ಯಾರೇಜಿಗೆ ಗಾಡಿ ತರುವವರಲ್ಲೂ ಅರ್ಧಕ್ಕರ್ಧ ಜನ ಇದನ್ನೇ ಹೇಳುತ್ತಾರೆ. ಕಾರು ನಿಲ್ಲಿಸುವ ಕಡೆ ಒಂದು ರಟ್ಟು ಹಾಸಿಕೊಂಡು, ಆಗಾಗ ಗೇರ್ ಆಯಿಲ್ ಟಾಪಪ್ ಮಾಡಿಸಿಕೊಂಡು ವರ್ಷಗಟ್ಟಲೆ ಓಡಿಸಿಬಿಡುತ್ತಾರೆ. ನಾನು ಇದನ್ನು ಒಪ್ಪುವವನಲ್ಲ. ಇಂಜಿನ್ನಿನ ಹಿಂಭಾಗದಲ್ಲಿ ಒಂದೆರಡು ಹನಿ ಒಸರುವುದು ಆ ಇಂಜಿನ್ನಿನ ಹುಟ್ಟುಗುಣ, ಇರಲಿ. ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲ್ ಸೋರುವುದು ಹಾಗಲ್ಲ. ಅದು ರಿಪೇರಿ ಮಾಡಲೇಬೇಕಾದ ಕೆಲಸ, ಮಾಡಿದರೆ ನಿಲ್ಲುವ ಕೆಲಸ.

ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಎಣ್ಣೆ ಇಳಿದು, ಗೇರು ಕೂಗಿ, ಹಲ್ಲು ಸವೆದ ಮೇಲೆ ಹೊಸ ಗೇರ್‌ಬಾಕ್ಸ್ ಎಲ್ಲಿಂದ ತರುತ್ತೀರಿ? ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೂ ಕೈಗೆ ಬರುವುದು ಹೆಚ್ಚಾಗಿ ಬೇರೆ ಗಾಡಿಯಿಂದ ಬಿಚ್ಚಿದ ಮಾಲು. ಬೆರಳಗಲದ ಒಂದು ರಬ್ಬರ್ ಬಳೆ ಬದಲಿಸದೆ ಇಡೀ ಗೇರ್‌ಬಾಕ್ಸ್ ಕಳೆದುಕೊಂಡವರನ್ನು ಕಂಡಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಹೇಳುತ್ತಿರುವುದು 1489 ಸಿಸಿ ಇಂಜಿನ್, ಸ್ಟೀರಿಂಗ್ ಗೇರಿನ ಹಳೆಯ ಅಂಬಾಸಿಡರ್ ಬಗ್ಗೆ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. ಆಮೇಲೆ ಬಂದ 1800 ಐಎಸ್‌ಝಡ್‌ನಲ್ಲಿ ಇಸುಜು ಇಂಜಿನ್, ಐದು ಗೇರಿನ ಬಾಕ್ಸ್. ಅದರ ಸೀಲ್ ಬೇರೆ. ಬಾನೆಟ್ ಎತ್ತಿ ನೋಡಿ ಖಾತ್ರಿ ಮಾಡಿಕೊಂಡೇ ಅಂಗಡಿಗೆ ಹೋಗಬೇಕು.

ಆಯಿಲ್ ಸೀಲನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ. ಹೊರಗೆ ತಗಡಿನ ಬಳೆ, ಒಳಗೆ ರಬ್ಬರಿನ ತೆಳು ತುಟಿ. ಹಿಂಬದಿಗೆ ತಿರುಗಿಸಿದರೆ ಆ ತುಟಿಯ ಸುತ್ತ ಕೂದಲೆಳೆಯಂಥ ತಂತಿಯಿಂದ ಸುತ್ತಿದ ಒಂದು ಸ್ಪ್ರಿಂಗ್. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ತುದಿಯಲ್ಲಿ ಯೋಕ್ ಎಂಬ ಉಕ್ಕಿನ ಭಾಗ ಇದೆಯಲ್ಲ, ಅದು ಗೇರ್‌ಬಾಕ್ಸಿನ ಬಾಲದೊಳಗೆ ಹೊಕ್ಕು ತಿರುಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದಿನ ಆ್ಯಕ್ಸಲ್ ಎದ್ದು ಬಿದ್ದಂತೆಲ್ಲ ಅದೇ ಯೋಕ್ ಒಳಕ್ಕೂ ಹೊರಕ್ಕೂ ಜಾರುತ್ತಲೂ ಇರುತ್ತದೆ. ಈ ಎರಡೂ ಚಲನೆಯ ನಡುವೆ ಎಣ್ಣೆಯನ್ನು ಒಳಗೇ ತಡೆಯಬೇಕಾದ್ದು ಆ ತುಟಿ. ಸ್ಪ್ರಿಂಗ್ ಅದನ್ನು ಯೋಕಿಗೆ ಒತ್ತಿ ಹಿಡಿಯುತ್ತದೆ. ಆದರೂ ರಬ್ಬರು ಉಕ್ಕನ್ನು ನೇರವಾಗಿ ಉಜ್ಜುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆ ಇರುತ್ತದೆ. ತುಟಿ ಮೆತ್ತಗಿದ್ದು ಅದರ ಅಂಚು ಸರಿಯಾಗಿದ್ದರೆ ಯೋಕ್ ತಿರುಗುವಾಗ ಹೊರಬರಲು ನೋಡುವ ಎಣ್ಣೆಯನ್ನು ಅದೇ ಒಳಕ್ಕೆ ತಳ್ಳುತ್ತಿರುತ್ತದೆ. ಎಷ್ಟೋ ವರ್ಷದ ಬಿಸಿ ತಿಂದು ರಬ್ಬರು ಹಳೇ ಚಪ್ಪಲಿಯ ಬಾರಿನ ಹಾಗೆ ಸೆಟೆದುಕೊಂಡರೆ ಯೋಕಿನ ಅಲುಗಾಟಕ್ಕೆ ಬಾಗುವುದಿಲ್ಲ, ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಓಡಿಸದೆ ಷೆಡ್ಡಿನಲ್ಲೇ ನಿಲ್ಲಿಸಿದ ಗಾಡಿಯ ಪಾಡೂ ಅಷ್ಟೇ. ತುಟಿ ಒಣಗುತ್ತದೆ, ಯೋಕಿಗೆ ತುಕ್ಕು ಕೂರುತ್ತದೆ, ಹೊರಟ ದಿನವೇ ಆ ತುಕ್ಕು ತುಟಿಯನ್ನು ಕೆರೆದುಹಾಕುತ್ತದೆ.

ಸೋರುವುದು ಎಲ್ಲಿಂದ ಎಂದು ಪತ್ತೆ ಮಾಡದೆ ಪಾನಾ ಹಿಡಿಯಬಾರದು. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಹೊಡೆಯುತ್ತದೆ, ಹಾಗಾಗಿ ಹನಿ ಬಿದ್ದ ಜಾಗ ಬೇರೆ, ಸೋರುವ ಜಾಗ ಬೇರೆ. ಸೀಮೆಎಣ್ಣೆಯಲ್ಲಿ ಅಡಿಭಾಗ ಪೂರ್ತಿ ತೊಳೆದು, ಒರೆಸಿ, ಒಂದು ಸುತ್ತು ಓಡಿಸಿ ಬಂದು ಟಾರ್ಚ್ ಹಾಕಿ ನೋಡಬೇಕು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಕೂರುವ ಗೂಡಿನ ತಳದಲ್ಲಿ ಒಂದು ತೂತು, ಅದರಲ್ಲಿ ಸ್ಪ್ಲಿಟ್ ಪಿನ್ ಜೋತಾಡುತ್ತಿರುತ್ತದೆ. ಆ ಪಿನ್ನಿನ ತುದಿಯಲ್ಲಿ ಕಪ್ಪು ಹನಿ ಕಂಡರೆ ಅದು ಬಹುಮಟ್ಟಿಗೆ ಇಂಜಿನ್ ಆಯಿಲ್. ಈ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದುಗಡೆ ರಬ್ಬರ್ ಸೀಲೇ ಇಲ್ಲ. ಎಣ್ಣೆಯನ್ನು ವಾಪಸ್ ಒಳಕ್ಕೆ ಎಳೆದುಕೊಳ್ಳುವ ತಿರುಪಿನ ಮರೆಯೊಂದನ್ನು ಶಾಫ್ಟಿನ ಮೇಲೇ ಕೊರೆದಿದ್ದಾರೆ. ಇಂಜಿನ್ ನಿಂತಾಗ ಅದೂ ಕೆಲಸ ನಿಲ್ಲಿಸುತ್ತದೆ, ಒಂದು ಹನಿ ಇಳಿಯುತ್ತದೆ. ಗೇರ್‌ಬಾಕ್ಸಿನ ಬಾಲ ಒದ್ದೆಯಾಗಿದ್ದು, ಯೋಕ್ ತಿರುಗುವ ಜಾಗದ ನೇರಕ್ಕೆ ಫ್ಲೋರಿನ ಅಡಿಗೆಲ್ಲ ಸುತ್ತಲೂ ಎಣ್ಣೆ ಚಿಮ್ಮಿದ್ದರೆ ಆಗ ಅದು ನಮ್ಮ ಸೀಲ್.

ಬಿಚ್ಚುವ ಮೊದಲು ಗೇರ್ ಆಯಿಲ್ ಪೂರ್ತಿ ಇಳಿಸಬೇಕು. ಇಲ್ಲದಿದ್ದರೆ ಯೋಕ್ ಎಳೆದ ಕೂಡಲೇ ಅಷ್ಟೂ ಎಣ್ಣೆ ಕೆಳಗೆ ಮಲಗಿದವನ ಮುಖಕ್ಕೆ. ಹಿಂದೆ ಡಿಫರೆನ್ಶಿಯಲ್ ಬಳಿಯ ಎರಡು ಫ್ಲ್ಯಾಂಜಿಗೂ ಸೇರಿಸಿ ಉಳಿಯಲ್ಲಿ ಒಂದು ಗುರುತು ಹೊಡೆಯುತ್ತೇನೆ. ಶಾಫ್ಟ್ ಮೊದಲಿದ್ದ ಹಾಗೇ ಕೂರದಿದ್ದರೆ ವೇಗದಲ್ಲಿ ಗಾಡಿ ನಡುಗಬಹುದು. ನಟ್ಟುಗಳೆಲ್ಲ ಇಂಚಿನ ಲೆಕ್ಕದವು. ಅರ್ಧ ಇಂಚೆಂದರೆ 12.7 ಮಿ.ಮೀ. 13ರ ಪಾನಾ ಹಾಕಿದರೆ ಕೂರುತ್ತದೆ, ಬಿಗಿಯಾಗಿ ಕೂರುವುದಿಲ್ಲ. ಬಲ ಹಾಕಿದ ಹಾಗೆ ನಟ್ಟಿನ ಮೂಲೆ ಉರುಟಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಕೆಲಸ ಕಲಿಯುವ ಹುಡುಗರಿಗೆ ಮೊದಲ ದಿನವೇ ಇಂಚಿನ ಸೆಟ್ ಬೇರೆ ಡಬ್ಬದಲ್ಲಿಡಲು ಹೇಳುತ್ತೇನೆ.

ಹಳೆ ಸೀಲ್ ಕಿತ್ತು ಹೊಸದನ್ನು ಬಡಿದು ಕೂರಿಸುವುದಕ್ಕೆ ಹೆಚ್ಚು ಹೊತ್ತು ಬೇಡ. ಎಷ್ಟು ಆಳದಲ್ಲಿತ್ತು ಎಂದು ಕೀಳುವ ಮೊದಲೇ ಅಳೆದಿಟ್ಟುಕೊಳ್ಳಬೇಕು, ಕೀಳುವಾಗ ಸೀಲ್ ಕೂರುವ ಗೂಡಿಗೆ ಗೀರು ಬೀಳಬಾರದು, ಅಷ್ಟೆ. ಬಹಳ ಜನ ಇಲ್ಲಿಗೇ ಕೆಲಸ ಮುಗಿಯಿತೆನ್ನುತ್ತಾರೆ. ಮೊನ್ನೆ ಒಬ್ಬ ಹಿರಿಯರು ಬಂದಿದ್ದರು, ಬೇರೆ ಕಡೆ ಸೀಲ್ ಹಾಕಿಸಿ ಒಂದೇ ಮಳೆಗಾಲ ಕಳೆದಿತ್ತು.

“ಹೊಸ ಸೀಲೇ ಮತ್ತೆ ಸೋರ್ತಿದೆಯಲ್ಲಪ್ಪ ಮೇಸ್ತ್ರಿ, ಡೂಪ್ಲಿಕೇಟ್ ಇರಬೇಕು ಅಲ್ವಾ?”

“ಸೀಲ್ ಚೆನ್ನಾಗಿದೆ ಸಾರ್. ಇಲ್ಲಿ ಉಗುರು ಆಡಿಸಿ ನೋಡಿ.”

ಯೋಕನ್ನು ಒರೆಸಿ ಅವರ ಕೈಗೇ ಕೊಟ್ಟೆ. ಸೀಲಿನ ತುಟಿ ಕೂರುವ ಜಾಗದಲ್ಲಿ ಉಕ್ಕಿಗೆ ಸುತ್ತಲೂ ಒಂದು ಹಳ್ಳ, ಉಗುರು ಅದರಲ್ಲಿ ಸಿಕ್ಕಿಕೊಂಡಿತು. ರಬ್ಬರು ಉಕ್ಕನ್ನು ಸವೆಸುತ್ತದೆಯೇ ಎಂದು ಅವರಿಗೆ ಆಶ್ಚರ್ಯ. ತುಟಿಯ ಅಂಚಿಗೆ ಅಂಟಿದ ದೂಳು ಅರದ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಒಂದೇ ಗೆರೆಯ ಮೇಲೆ ತಿರುಗಿದರೆ ಉಕ್ಕಾದರೂ ಏನು ಮಾಡೀತು? ಹಳ್ಳ ಆಳವಾಗಿದ್ದರೆ ಯೋಕ್ ಬದಲಿಸಬೇಕು, ಇಲ್ಲವೇ ಅದರ ಮೇಲೆ ತೆಳು ಸ್ಟೀಲ್ ಸ್ಲೀವ್ ಹೊಡೆಯಬೇಕು. ಅಲ್ಪಸ್ವಲ್ಪ ಇದ್ದು ಗೂಡಿನಲ್ಲಿ ಜಾಗವಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ ತುಟಿಗೆ ಹೊಸ ಜಾಗ ಕೊಡಬಹುದು. ಬರೀ ತುಕ್ಕಿನ ಕಲೆಯಾದರೆ ನಯವಾದ ಎಮೆರಿ ಕಾಗದ ಸಾಕು. ಅದನ್ನೂ ಯೋಕಿನ ಸುತ್ತಲೇ ಉಜ್ಜಬೇಕು, ಉದ್ದುದ್ದ ಉಜ್ಜಿದರೆ ಆ ಗೀರುಗಳೇ ಎಣ್ಣೆಗೆ ಕಾಲುವೆ.

ಹೊಸ ಸೀಲ್ ಸೋರಲು ಇನ್ನೊಂದು ಕಾರಣ, ಗೇರ್‌ಬಾಕ್ಸಿನ ಬಾಲದೊಳಗೆ ಯೋಕಿಗೆ ಆಸರೆಯಾಗಿರುವ ಬುಷ್. ಯೋಕನ್ನು ವಾಪಸ್ ತೂರಿಸಿ ಮೇಲೆ ಕೆಳಗೆ ಅಲ್ಲಾಡಿಸಿದಾಗ ಎದ್ದು ಕಾಣುವಷ್ಟು ಆಟವಿದ್ದರೆ ಯಾವ ಕಂಪನಿಯ ಸೀಲ್ ಹಾಕಿದರೂ ಬಾಳುವುದಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್ ಸಡಿಲಾಗಿದ್ದರೂ ಅದೇ ಗತಿ. ಗೇರ್‌ಬಾಕ್ಸಿನ ಗಾಳಿಕಿಂಡಿ, ಅಂದರೆ ಬ್ರೀದರ್, ಕೆಸರಿನಿಂದ ಮುಚ್ಚಿದ್ದರೆ ಬಿಸಿಗೆ ಹಿಗ್ಗಿದ ಗಾಳಿ ಎಣ್ಣೆಯನ್ನು ಸೀಲಿನ ಮೂಲಕ ಹೊರದೂಡುತ್ತದೆ. ಆ ಹಿರಿಯರ ಗಾಡಿಗೆ ಸ್ಲೀವ್ ಹಾಕಿ ಬುಷ್ಷನ್ನೂ ಬದಲಿಸಿದೆವು.

ಸೋರಿಕೆ ನಿಲ್ಲಿಸುವ ಔಷಧಿ ಎಂದು ಬಾಟಲಿಯಲ್ಲಿ ಮಾರುವುದನ್ನು ನಾನು ಹಾಕುವುದಿಲ್ಲ. ಅದು ರಬ್ಬರನ್ನು ಕೆಲಕಾಲ ಉಬ್ಬಿಸುತ್ತದೆ, ಉಗುರು ಸಿಕ್ಕಿಕೊಳ್ಳುವ ಆ ಹಳ್ಳವನ್ನು ತುಂಬುವುದಿಲ್ಲ.

ಹೊಸ ಸೀಲಿನ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೆ, ಅಂದರೆ ಗೇರ್‌ಬಾಕ್ಸಿನ ಒಳಕ್ಕೆ ಇರಬೇಕು. ಸ್ಪ್ರಿಂಗ್ ಕೂತ ಸಂದಿಗೆ ಸ್ವಲ್ಪ ಗ್ರೀಸ್ ತುಂಬಿದರೆ ಬಡಿಯುವಾಗ ಅದು ಹಾರಿ ಬೀಳುವುದಿಲ್ಲ. ಸೀಲಿನಷ್ಟೇ ಅಗಲದ ಪೈಪಿನ ತುಂಡೊಂದನ್ನು ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಬೇಕು. ಸುತ್ತಿಗೆಯಲ್ಲಿ ನೇರವಾಗಿ ಹೊಡೆದರೆ ತಗಡು ಸೊಟ್ಟಗಾಗುತ್ತದೆ. ತುಟಿಗೆ ಎಣ್ಣೆ ಸವರದೆ ಯೋಕ್ ತೂರಿಸಬೇಡಿ. ಒಣ ತುಟಿ ಮೊದಲ ಕೆಲವು ಕಿಲೋಮೀಟರಿನಲ್ಲೇ ಸುಟ್ಟುಹೋಗುತ್ತದೆ.

ಆಮೇಲೆ ಆಯಿಲ್. ಡಿಫರೆನ್ಶಿಯಲ್ಲಿಗೆ ಹಾಕುವ ಜಿಎಲ್-5 ಎಣ್ಣೆಯನ್ನು ಗೇರ್‌ಬಾಕ್ಸಿಗೂ ಸುರಿಯುವ ಅಭ್ಯಾಸ ಬಹಳ ಕಡೆ ಇದೆ. ಆ ಎಣ್ಣೆಯಲ್ಲಿ ಬೆರೆಸಿರುವ ಗಂಧಕದ ಅಂಶ ಒಳಗಿನ ಕಂಚಿನ ರಿಂಗುಗಳಿಗೆ ಒಳ್ಳೆಯದಲ್ಲ. ಗಾಡಿಯ ಜೊತೆ ಬಂದ ಪುಸ್ತಕ ಇದ್ದರೆ ಅದರಲ್ಲಿ ಹೇಳಿದ್ದನ್ನೇ ಹಾಕಿಸಿ, ಗುರುತಿನ ಮಟ್ಟ ಮೀರಿಸಬೇಡಿ. ಜಾಸ್ತಿಯಾದದ್ದೂ ಸೀಲಿನ ಮೂಲಕವೇ ಆಚೆ ಬರುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಗಾಡಿ ಒಮ್ಮೆ ವಾಪಸ್ ತನ್ನಿ ಎನ್ನುತ್ತೇನೆ. ಆಗ ಫ್ಲ್ಯಾಂಜಿನ ನಟ್ಟುಗಳಿಗೆ ಇನ್ನೊಂದು ಸಲ ಪಾನಾ ಹಾಕಿ, ಬಾಲದ ಅಡಿಗೆ ಕೈ ಸವರಿ ನೋಡಿ, ಒಣಗಿದ್ದರೆ ಮಾತ್ರ ಕೂಲಿ ಪೂರ್ತಿ ತೆಗೆದುಕೊಳ್ಳುತ್ತೇನೆ.