ಯಾರೊಬ್ಬರದೂ ಅಲ್ಲದ ಮನೆ

ಕೊಡಗಿನಲ್ಲಿ ಗುರುತಿಲ್ಲದ ಇಬ್ಬರು ಕೊಡವರು ಎದುರಾದರೆ ಮೊದಲ ಪ್ರಶ್ನೆ 'ಯಾವ ಮನೆ?' ಎಂಬುದು. ಉತ್ತರವಾಗಿ ಬರುವುದು ಮನೆಹೆಸರು. ಕೊಡವರಲ್ಲಿ ಅದು ಮೊದಲು, ಸ್ವಂತ ಹೆಸರು ಆಮೇಲೆ. ಆ ಮನೆಹೆಸರಿನ ಬೇರು ಹುಡುಕಿಕೊಂಡು ಹೊರಟರೆ ಗದ್ದೆಬಯಲಿನ ಅಂಚಿನಲ್ಲಿ, ತುಸು ಎತ್ತರದ ಜಾಗದಲ್ಲಿ ಹಳೆಯದೊಂದು ಮನೆ ಸಿಗುತ್ತದೆ. ಅದೇ ಐನ್‌ಮನೆ. ಒಬ್ಬ ಮೂಲಪುರುಷನಿಂದ ಗಂಡುಸಂತತಿಯಲ್ಲಿ ಇಳಿದುಬಂದ ಇಡೀ ಒಕ್ಕದ ಹಿರಿಯರ ಮನೆ.

ಅಲ್ಲಿಗೆ ಹೋಗುವ ದಾರಿಯೇ ಒಂದು ಕಥೆ ಹೇಳುತ್ತದೆ. ಎರಡೂ ಬದಿಗೆ ದರೆಯೋ ಕಲ್ಲಿನ ಗೋಡೆಯೋ ಇರುವ ಇಕ್ಕಟ್ಟಾದ ಓಣಿ; ನೇರವಾಗಿ ಹೋಗದೆ ತಿರುಗುತ್ತ ಸಾಗುತ್ತದೆ. ಮನೆಯೆಂದರೆ ಕೋಟೆಯೂ ಆಗಿರಬೇಕಿದ್ದ ಕಾಲದ ಎಚ್ಚರಿಕೆ ಅದು. ಓಣಿ ಮುಗಿದರೆ ಅಂಗಳ, ಮೆಟ್ಟಿಲು, ಕೆತ್ತನೆಯ ಕಂಬಗಳ ಜಗಲಿ. ಕಂಬದಿಂದ ಕಂಬಕ್ಕೆ ಮೋಟುಗೋಡೆಯ ಮೇಲೆ ಹಾಸಿದ ಅಗಲವಾದ ಮರದ ಹಲಗೆಯೇ ಐಮರ. ಅದು ಹಿರಿಯರ ಆಸನ. ಒಕ್ಕದ ಹಿರಿಯನಾದ ಪಟ್ಟೆದಾರ ಗದ್ದೆಯ ಕೆಲಸ ನೋಡಿಕೊಂಡದ್ದು, ಜಗಳ ಬಗೆಹರಿಸಿದ್ದು, ನೆಂಟಸ್ತಿಕೆಯ ಮಾತಾಡಿದ್ದು ಎಲ್ಲ ಇಲ್ಲಿ ಕೂತೇ. ನೂರಾರು ವರ್ಷ ಜನ ಕೂತು ನುಣುಪಾದ ಆ ಹಲಗೆಯ ಮೇಲೆ ಕೈಯಾಡಿಸಿದರೆ ಯಾವ ದಾಖಲೆಯೂ ಹೇಳದ ಇತಿಹಾಸ ಬೆರಳಿಗೆ ತಾಗುತ್ತದೆ ಎಂದೇ ನನ್ನ ನಂಬಿಕೆ.

ಒಳಗಿನ ನಡುಕೋಣೆ ನೆಲ್ಲಕ್ಕಿ ನಡುಬಾಡೆ. ಅಲ್ಲಿ ತೂಗುವ ದೀಪ ತೂಕ್‌ಬೊಳಕ್. ಮದುವೆ, ಹಬ್ಬ, ಸಾವು, ಯಾವುದೂ ಈ ದೀಪವನ್ನು ಬಿಟ್ಟು ನಡೆಯದು. ನೈರುತ್ಯದ ಮೂಲೆಯಲ್ಲಿರುವ ಕನ್ನಿಕೋಂಬರೆ ಹಿರಿಯರಿಗೆ ಮೀಸಲಾದ ಕೋಣೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಬಂದಾಗ ಕೋವಿ, ಒಡಿಕತ್ತಿಗಳನ್ನು ಇಟ್ಟು ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಮನೆಯ ಹತ್ತಿರವೇ ಕೈಮಡ. ಒಕ್ಕದ ಮೂಲಪುರುಷ ಕಾರಣನ ಪುಟ್ಟ ಗುಡಿ. ದೇವಸ್ಥಾನಕ್ಕಿಂತ ಮೊದಲು ಕೈಮುಗಿಯುವುದು ಹಿರಿಯರಿಗೆ ಎಂಬ ಈ ನಂಟನ್ನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ, 1952ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರವಾಗಿ ನೋಡಬಹುದು.

ಇಷ್ಟು ಕಾಲ ಮನೆ ಒಡೆಯದೆ ಉಳಿದದ್ದಕ್ಕೆ ಭೂಮಿ ಕಾರಣ. ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಸಿಕ್ಕ ಜಮ್ಮಾ ಜಮೀನು ಒಕ್ಕಕ್ಕೆ ಸೇರಿದ್ದು. ಒಬ್ಬರು ತಮ್ಮಿಷ್ಟಕ್ಕೆ ಮಾರುವಂತಿರಲಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1854ರ ಹೊತ್ತಿಗೆ ಮಡಿಕೇರಿಯ ಬಳಿ ಯುರೋಪಿಯನ್ನರ ಕಾಫಿ ತೋಟ ಎದ್ದಿತು. ಕೊಡವರೂ ಕಾಫಿ ಹಾಕಿದರು. ತೋಟಗಳಿದ್ದದ್ದು ಬೆಟ್ಟದ ಮೇಲೆ, ಐನ್‌ಮನೆ ಇದ್ದದ್ದು ಗದ್ದೆಯ ಪಕ್ಕ. ತೋಟದಲ್ಲೇ ಒಬ್ಬೊಬ್ಬರದೂ ಬೇರೆ ಮನೆಯಾಯಿತು. ಸೈನ್ಯ, ನೌಕರಿ ಎಂದು ಇನ್ನಷ್ಟು ಮಂದಿ ದೂರ ಹೋದರು. ಹಿರಿಯರ ಮನೆಯಲ್ಲಿ ಒಂದೋ ಎರಡೋ ಸಂಸಾರ ಉಳಿಯಿತು. ಕೆಲವೆಡೆ ಅದೂ ಇಲ್ಲ.

ಎಲ್ಲರದೂ ಆದ ಮನೆಯ ಮಾಡು ಸೋರಿದರೆ ಹಂಚು ಹೊದಿಸುವವರು ಯಾರು? ಹತ್ತಾರು ಸಂಸಾರ ಒಪ್ಪಬೇಕು, ಹಣ ಕೂಡಿಸಬೇಕು. ಮಳೆಗಾಲ ಅಷ್ಟು ಕಾಯುವುದಿಲ್ಲ, ಮಣ್ಣಿನ ಗೋಡೆಯೂ ಕಾಯುವುದಿಲ್ಲ. ಹಳತನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದವರನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಆದರೂ ಹೊಸ ಕಟ್ಟಡಕ್ಕೆ ಹಳೆಯ ಐಮರವನ್ನೇ ಕೂರಿಸಿದವರ ಮೇಲೆ ಗೌರವ ಹೆಚ್ಚು.

ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿ ಕೊಡವರ ಹಾಡು, ಪದ್ಧತಿಗಳನ್ನು ಉಳಿಸಿಕೊಟ್ಟರು. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ ಕೊಡಗಿನ ಐನ್‌ಮನೆಗಳನ್ನು ಹುಡುಕಿಕೊಂಡು ಹೋಗಿ ಪುಸ್ತಕವಾಗಿಸಿದರು. ಒಕ್ಕದ ನಂಟು ಮೈದಾನದಲ್ಲೂ ಕಾಣುತ್ತದೆ: ಪಾಂಡಂಡ ಕುಟ್ಟಪ್ಪ 1997ರಲ್ಲಿ ಆರಂಭಿಸಿದ ಹಾಕಿ ಹಬ್ಬದಲ್ಲಿ ಪ್ರತಿ ತಂಡವೂ ಒಂದು ಮನೆಹೆಸರು. ಅಂದು 60 ತಂಡಗಳಿದ್ದವು, 2024ರಲ್ಲಿ ನಾಪೋಕ್ಲಿನಲ್ಲಿ 360.

ಆದರೂ ಐನ್‌ಮನೆಯನ್ನು ನೋಡಬೇಕಾದದ್ದು ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ. ಬೆಂಗಳೂರು, ಮೈಸೂರಿನಿಂದ ಬಂದ ಕಾರುಗಳು ಓಣಿಯಾಚೆ ನಿಂತಿರುತ್ತವೆ. ಬೀಗ ತೆಗೆದು, ಗುಡಿಸಿ, ದೀಪ ಹಚ್ಚಿ, ಎಲ್ಲರೂ ಗದ್ದೆಗೆ ಇಳಿಯುತ್ತಾರೆ. ಗುಂಡು ಹಾರುತ್ತದೆ, ಕದಿರು ಕೊಯ್ಯುತ್ತಾರೆ, 'ಪೊಲಿ ಪೊಲಿ ದೇವಾ' ಎಂಬ ಕೂಗು ಬಯಲು ತುಂಬುತ್ತದೆ. ಮೆರವಣಿಗೆಯಲ್ಲಿ ಹಿಂದಿರುಗಿ, ಹೊಸ ಕದಿರನ್ನು ತೂಕ್‌ಬೊಳಕಿಗೆ, ಕಂಬಗಳಿಗೆ, ಬಾಗಿಲಿಗೆ ಕಟ್ಟುತ್ತಾರೆ.